ಚಿತ್ರಕ್ಕೂ ಬೇಕು ಒಂದು ಬಿತ್ತನೆ ಕಾಯಿ

ಮಕ್ಕಳೇ, ಮೊದಲಿಗೆ ಒಂದು ಒಗಟು. ಮೈಮೇಲೆ ನುಣುಪು ಅಂಗಿ, ಅಂಗಿಯೊಳಗೆ ನಾರಿನ ಕಂಬಳಿ, ಕಂಬಳಿಯೊಳಗೆ ಗಟ್ಟಿ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಬಿಳಿಯ ಗೋಡೆ, ಗೋಡೆಯ ನಡುವೆ ಸಿಹಿನೀರಿನ ಬಾವಿ. ಏನದು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮಕ್ಕಳು ಒಗಟು ಮುಗಿಯುವ ಮೊದಲೇ ‘ತೆಂಗಿನಕಾಯಿ’ ಎಂದು ಕೂಗಿರುತ್ತೀರಿ. ಕಾಯಿಯ ವಿಷಯ ನಿಮಗೆ ಹೇಳಿಕೊಡಬೇಕಾಗಿಲ್ಲ. ಈ ವಾರದ ಮಾತು ಕಂಪ್ಯೂಟರಿನಲ್ಲಿ, ಟ್ಯಾಬಿನಲ್ಲಿ, ಮೊಬೈಲಿನಲ್ಲಿ ನೀವು ಬರೆಯುವ ಚಿತ್ರದ್ದು. ಆ ಚಿತ್ರಕ್ಕೂ ಕಾಯಿಯ ಹಾಗೆಯೇ ಪದರಗಳಿರುತ್ತವೆ. ಬರೆದು ಮುಗಿಸಿದ ಮೇಲೆ ಯಂತ್ರ ಒಂದು ಪ್ರಶ್ನೆ ಕೇಳುತ್ತದೆ: ‘ಇದನ್ನು ಯಾವ ರೂಪದಲ್ಲಿ ಉಳಿಸಲಿ?’ ಉದ್ದನೆಯ ಪಟ್ಟಿ ಕಣ್ಣೆದುರು ಬರುತ್ತದೆ. ಅವಸರದಲ್ಲಿ ಯಾವುದನ್ನೋ ಒತ್ತಿದರೆ ಹದಿನೈದು ದಿನ ಕೂತು ಮಾಡಿದ ಪದರಗಳೆಲ್ಲ ಒಂದಕ್ಕೊಂದು ಅಂಟಿಹೋಗಬಹುದು. ಆಮೇಲೆ ಬಿಡಿಸಲು ಆಗುವುದಿಲ್ಲ. ಅದಕ್ಕೇ ಈ ಪಟ್ಟಿಯನ್ನು ಇವತ್ತು ನಿಧಾನವಾಗಿ ಓದೋಣ. ಅಜ್ಜ-ಅಜ್ಜಿಯರೂ ಪಕ್ಕದಲ್ಲಿ ಕೂರಲಿ. ಕೊನೆಯಲ್ಲಿ ಅವರಿಗೂ ಕೆಲಸವಿದೆ.

ಪದರ ಎಂದರೇನು?

ಗಾಜಿನಂಥ ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಿದ್ದೀರಿ ಎಂದುಕೊಳ್ಳಿ. ಕೆಳಗಿನ ಹಾಳೆಯಲ್ಲಿ ಆಕಾಶ, ಅದರ ಮೇಲಿನದರಲ್ಲಿ ಬೆಟ್ಟ, ಅದರ ಮೇಲೆ ತೆಂಗಿನ ಸಾಲು, ಎಲ್ಲಕ್ಕಿಂತ ಮೇಲೆ ಹಸು ಮತ್ತು ಕರು. ಮೇಲಿನಿಂದ ನೋಡಿದರೆ ಒಂದೇ ಚಿತ್ರ. ಆದರೆ ಕರುವನ್ನು ಹಸುವಿನ ಆ ಪಕ್ಕಕ್ಕೆ ಸರಿಸಬೇಕೆಂದರೆ ಮೇಲಿನ ಹಾಳೆಯನ್ನಷ್ಟೇ ಮುಟ್ಟಿದರೆ ಸಾಕು, ಬೆಟ್ಟ ಕದಲುವುದಿಲ್ಲ. ಹಿಂದೆ ಕಾರ್ಟೂನ್ ಸಿನಿಮಾ ಮಾಡುವವರು ಹೀಗೆಯೇ ಪಾರದರ್ಶಕ ಹಾಳೆಗಳ ಮೇಲೆ ಬರೆಯುತ್ತಿದ್ದರು. ಬಣ್ಣದ ಪುಸ್ತಕ ಅಚ್ಚು ಹಾಕುವವರೂ ನೀಲಿ, ಕೆಂಗುಲಾಬಿ, ಹಳದಿ, ಕಪ್ಪು ಎಂದು ಒಂದೊಂದು ಬಣ್ಣಕ್ಕೆ ಒಂದೊಂದು ಫಲಕ ಮಾಡಿ ನಾಲ್ಕು ಸಲ ಒತ್ತಿ ಪೂರ್ತಿ ಚಿತ್ರ ಪಡೆಯುತ್ತಾರೆ.

ನಮ್ಮ ಮೈಸೂರು ಶೈಲಿಯ ಚಿತ್ರಗಳೂ ಪದರ ಪದರವಾಗಿಯೇ ಆಗುವಂಥವು. ಮೊದಲು ರೇಖೆ, ಆಮೇಲೆ ಒಡವೆಯ ಜಾಗದಲ್ಲಿ ಉಬ್ಬುವಂತೆ ಹಚ್ಚುವ ಲೇಪ, ಅದರ ಮೇಲೆ ಚಿನ್ನದ ತೆಳು ಹಾಳೆ, ಜೊತೆಗೆ ಬಣ್ಣ. ತುಮಕೂರಿನಿಂದ ಶಿರಾ ಕಡೆ ಹೋಗುವ ದಾರಿಯಲ್ಲಿ ಸೀಬಿ ನರಸಿಂಹಸ್ವಾಮಿ ದೇವಾಲಯವಿದೆ. ಅದರ ಛಾವಣಿಯ ತುಂಬ ಹಳೆಯ ವರ್ಣಚಿತ್ರಗಳಿವೆ. ಕತ್ತೆತ್ತಿ ನೋಡಿದರೆ ಮೇಲಿನ ಬಣ್ಣವಷ್ಟೇ ಕಾಣುತ್ತದೆ. ಅಡಿಯಲ್ಲಿ ಚಿತ್ರಕಾರ ಮೊದಲು ಎಳೆದ ಗೆರೆಯನ್ನು ಯಾರೂ ಎತ್ತಿ ತೋರಿಸಲಾರರು. ಕಂಪ್ಯೂಟರಿನ ಚಿತ್ರಕ್ಕೆ ಮಾತ್ರ ಆ ಅದೃಷ್ಟವಿದೆ. ಗೆರೆ, ಬಣ್ಣ, ನೆರಳು ಎಲ್ಲವನ್ನೂ ಬೇರೆ ಬೇರೆಯಾಗಿಯೇ ಕಾಪಾಡಿಕೊಳ್ಳಬಹುದು. ಅದಕ್ಕೆ ಸರಿಯಾದ ರೂಪದಲ್ಲಿ ಉಳಿಸಬೇಕು, ಅಷ್ಟೆ.

ಫೋಟೋಶಾಪ್ ತಂತ್ರಾಂಶ ಬಂದದ್ದು 1990ರಲ್ಲಿ. ಆಗ ಅದರಲ್ಲಿಯೂ ಪದರಗಳು ಇರಲಿಲ್ಲ! 1994ರಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಪದರಗಳು ಸೇರಿದವು.

ಬಿತ್ತನೆ ಕಾಯಿ, ಉಂಡೆ ಕೊಬ್ಬರಿ, ಚಟ್ನಿ

ಮನೆಗೆ ಬಂದ ಕಾಯಿಗೆ ಮೂರು ದಾರಿ. ಒಳ್ಳೆಯ ತಾಯಿಮರದ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಬಿತ್ತನೆಗೆ ಇಡುತ್ತೇವೆ. ಇನ್ನಷ್ಟು ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತೇವೆ. ತಿಂಗಳುಗಟ್ಟಲೆ ಅಲ್ಲಿದ್ದು ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಗಡಗಡ ಸದ್ದು ಬಂದಾಗ ಸುಲಿದು ಒಡೆದು ಉಂಡೆ ಕೊಬ್ಬರಿ ತೆಗೆಯುತ್ತೇವೆ. ತಿಪಟೂರಿನ ಮಾರುಕಟ್ಟೆಗೆ ಹೆಸರು ತಂದದ್ದು ಅದೇ. ಮೂರನೆಯದು ಅಡುಗೆಮನೆಯ ದಾರಿ: ಒಡೆದು, ತುರಿದು, ರುಬ್ಬಿ, ಚಟ್ನಿ.

ಚಿತ್ರದ ಫೈಲುಗಳಲ್ಲೂ ಹೀಗೆ ಮೂರು ಬಗೆ ಎಂದು ನೆನಪಿಟ್ಟುಕೊಳ್ಳಿ.

ಚಟ್ನಿ ಎಂದರೆ ಜೆಪೆಗ್. 1992ರಿಂದ ಬಳಕೆಯಲ್ಲಿರುವ ಈ ರೂಪ ಫೋಟೋಗಳಿಗೆ ಬಹಳ ಒಳ್ಳೆಯದು. ಫೈಲು ಹಗುರ, ಎಲ್ಲ ಮೊಬೈಲಿನಲ್ಲೂ ತೆರೆದುಕೊಳ್ಳುತ್ತದೆ. ಆದರೆ ಹಗುರವಾಗಲು ಅದು ಕಣ್ಣಿಗೆ ಅಷ್ಟಾಗಿ ಕಾಣದ ಸೂಕ್ಷ್ಮಗಳನ್ನು ಬಿಸಾಡುತ್ತದೆ. ಪದರ ಇರುವುದಿಲ್ಲ. ಪಾರದರ್ಶಕ ಭಾಗವೂ ಇರುವುದಿಲ್ಲ, ಖಾಲಿ ಜಾಗ ಸಾಮಾನ್ಯವಾಗಿ ಬೆಳ್ಳಗಾಗುತ್ತದೆ. ಒಂದು ತಪ್ಪು ತಿಳಿವಳಿಕೆ ಬೇಡ: ಜೆಪೆಗ್ ಫೈಲನ್ನು ನೂರು ಸಲ ತೆರೆದು ನೋಡಿದರೂ, ನಕಲು ಮಾಡಿದರೂ ಅದು ಸವೆಯುವುದಿಲ್ಲ. ತೆರೆದು, ತಿದ್ದಿ, ಮತ್ತೆ ಜೆಪೆಗ್ ಆಗಿ ಉಳಿಸಿದಾಗ ಸವೆಯುತ್ತದೆ. ತೆಳುವಾದ ಗೆರೆಗಳ ಸುತ್ತ, ಅಕ್ಷರಗಳ ಅಂಚಿನಲ್ಲಿ ಮಸುಕು ಧೂಳಿನಂತೆ ಕಾಣುವುದು ಇದರಿಂದಲೇ.

ಉಂಡೆ ಕೊಬ್ಬರಿ ಎಂದರೆ ಪಿಎನ್‌ಜಿ. 1996ರಲ್ಲಿ ಬಂದದ್ದು. ಇದು ಒಂದು ಚುಕ್ಕಿಯನ್ನೂ ಕಳೆಯದೆ ಚಿತ್ರವನ್ನು ಇಡುತ್ತದೆ, ಪಾರದರ್ಶಕ ಭಾಗವನ್ನೂ ಉಳಿಸುತ್ತದೆ. ಬಹಳ ಕಾಲ ಬಾಳುವ, ಎಲ್ಲರೂ ಕೊಳ್ಳುವ ಸರಕು. ಆದರೆ ಪದರಗಳು ಸೇರಿ ಒಂದೇ ಆಗಿರುತ್ತವೆ. ಕೊಬ್ಬರಿ ಎಷ್ಟೇ ಚೆನ್ನಾಗಿರಲಿ, ಅದನ್ನು ನೆಟ್ಟರೆ ಸಸಿ ಬರುವುದಿಲ್ಲ.

ಬಿತ್ತನೆ ಕಾಯಿ ಎಂದರೆ ಪದರಗಳನ್ನು ಪದರಗಳಾಗಿಯೇ ಇಡುವ ಫೈಲು. ಮುಂದಿನ ವರ್ಷ ಇದೇ ಚಿತ್ರದಿಂದ ಇನ್ನೊಂದು ಚಿತ್ರ ಮೊಳೆಯಬೇಕಾದರೆ ಇದೇ ಬೇಕು. ಬಿತ್ತನೆ ಕಾಯಿಯಿಂದ ಯಾವಾಗ ಬೇಕಾದರೂ ಚಟ್ನಿ ಮಾಡಬಹುದು. ಚಟ್ನಿಯಿಂದ ಕಾಯಿ ಮಾಡಿದವರು ಈವರೆಗೆ ಯಾರೂ ಇಲ್ಲ.

ಯಾವ ಬಿತ್ತನೆ ಕಾಯಿ ಆರಿಸಬೇಕು?

ಪದರ ಉಳಿಸುವ ರೂಪಗಳು ಒಂದೆರಡಲ್ಲ. ಮುಖ್ಯವಾದವು ಇವು.

ಪಿಎಸ್‌ಡಿ: ಫೋಟೋಶಾಪಿನ ಸ್ವಂತ ರೂಪ. ಅಚ್ಚುಮನೆ, ಫ್ಲೆಕ್ಸ್ ಅಂಗಡಿ, ಸ್ಟುಡಿಯೋ ಎಲ್ಲೆಡೆ ಇದರ ಪರಿಚಯವಿದೆ. ಬೇರೆ ತಂತ್ರಾಂಶಗಳೂ ಇದನ್ನು ಓದಬಲ್ಲವು. ಆದರೆ ಫೋಟೋಶಾಪಿಗೇ ವಿಶೇಷವಾದ ಕೆಲವು ಪರಿಣಾಮಗಳು ಬೇರೆ ಕಡೆ ತೆರೆದಾಗ ಬದಲಾಗಬಹುದು ಅಥವಾ ಕಾಣದೇ ಹೋಗಬಹುದು. ಅಗಲ ಅಥವಾ ಎತ್ತರ 30,000 ಪಿಕ್ಸೆಲ್, ಗಾತ್ರ 2 ಗಿಗಾಬೈಟ್ ಇದರ ಮಿತಿ. ಅದಕ್ಕಿಂತ ದೊಡ್ಡ ಚಿತ್ರಕ್ಕೆ ಪಿಎಸ್‌ಬಿ ಎಂಬ ಅಣ್ಣ ಇದ್ದಾನೆ.

ಎಕ್ಸ್‌ಸಿಎಫ್: ಉಚಿತವಾಗಿ ಸಿಗುವ ಗಿಂಪ್ ತಂತ್ರಾಂಶದ ರೂಪ. ಅಮೆರಿಕದ ಬರ್ಕ್ಲಿಯಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಶುರುಮಾಡಿದ ಕೆಲಸವದು. ಅವರ ಕಾಲೇಜಿನ ಕಂಪ್ಯೂಟರ್ ಸಂಘದ ಹೆಸರಿನ ಮೊದಲಕ್ಷರಗಳೇ ಫೈಲಿನ ಹೆಸರಾದವು. ಗಿಂಪ್‌ನಲ್ಲಿ ಬರೆಯುವವರು ಇದರಲ್ಲೇ ಉಳಿಸಿ. ಒಂದು ಎಚ್ಚರಿಕೆ: ಹೊಸ ಗಿಂಪ್‌ನಲ್ಲಿ ಉಳಿಸಿದ ಕೆಲವು ಫೈಲುಗಳು ಶಾಲೆಯ ಹಳೆಯ ಗಿಂಪ್‌ನಲ್ಲಿ ತೆರೆಯದಿರಬಹುದು.

ಕೆಆರ್‌ಎ: ಚಿತ್ರ ಬರೆಯುವುದಕ್ಕೆಂದೇ ಇರುವ ಕ್ರಿಟಾ ತಂತ್ರಾಂಶದ ರೂಪ. ಇದೂ ಉಚಿತ. ಸ್ವೀಡನ್ ದೇಶದ ಭಾಷೆಯಲ್ಲಿ ‘ಕ್ರಿಟಾ’ ಎಂದರೆ ಸೀಮೆಸುಣ್ಣ.

ಓಆರ್‌ಎ: 2006ರ ಸುಮಾರಿಗೆ ಕ್ರಿಟಾ ತಂಡದವರು ಮುಂದಿಟ್ಟ ‘ಓಪನ್ ರಾಸ್ಟರ್’ ಎಂಬ ರೂಪ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಪದರಗಳು ದಾಟಲಿ ಎಂಬುದೇ ಇದರ ಉದ್ದೇಶ. ಗಿಂಪ್, ಕ್ರಿಟಾ ಎರಡೂ ಇದನ್ನು ಓದುತ್ತವೆ, ಬರೆಯುತ್ತವೆ. ಸರಳವಾದ ಪದರಗಳು ಚೆನ್ನಾಗಿ ದಾಟುತ್ತವೆ, ವಿಶೇಷ ಪರಿಣಾಮಗಳು ಎಲ್ಲವೂ ದಾಟುವುದಿಲ್ಲ.

ಟಿಫ್: 1986ರಿಂದ ಇರುವ ಹಿರಿಯ. ಮುದ್ರಣದವರಿಗೆ ಅಚ್ಚುಮೆಚ್ಚು. ಫೋಟೋಶಾಪ್ ಇದರೊಳಗೆ ಪದರಗಳನ್ನೂ ಇಡಬಲ್ಲದು, ಆದರೆ ಬೇರೆ ಎಷ್ಟೋ ತಂತ್ರಾಂಶಗಳು ಅದನ್ನು ಸೇರಿಸಿದ ಒಂದೇ ಚಿತ್ರವಾಗಿ ತೋರಿಸುತ್ತವೆ.

ಎಸ್‌ವಿಜಿ: ಇದು ಚುಕ್ಕಿಗಳ ಚಿತ್ರವಲ್ಲ, ಗೆರೆಗಳ ಚಿತ್ರ. ‘ಇಲ್ಲಿಂದ ಅಲ್ಲಿಗೆ ಗೆರೆ, ಇಲ್ಲೊಂದು ವೃತ್ತ’ ಎಂದು ಅಕ್ಷರಗಳಲ್ಲಿ ಬರೆದಿಟ್ಟ ಪಠ್ಯ. ಎಷ್ಟು ದೊಡ್ಡದು ಮಾಡಿದರೂ ಒಡೆಯುವುದಿಲ್ಲ. ನಕ್ಷೆ, ಲಾಂಛನ, ರಂಗೋಲಿ ಇಂಥವಕ್ಕೆ ಹೇಳಿ ಮಾಡಿಸಿದ್ದು. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಪದರಗಳಿಗೆ ಹೆಸರಿಟ್ಟು ಬರೆಯಬಹುದು.

ಹಾಗಾದರೆ ಯಾವುದು? ನಿಯಮ ಚಿಕ್ಕದು. ನೀವು ಬರೆಯುವ ತಂತ್ರಾಂಶದ ಸ್ವಂತ ರೂಪ ಯಾವುದೋ ಅದರಲ್ಲಿ ಮೂಲವನ್ನು ಉಳಿಸಿ. ಅದು ಏನನ್ನೂ ಬಿಡುವುದಿಲ್ಲ. ಜೊತೆಗೆ ಇನ್ನೊಬ್ಬರೂ ತೆರೆಯಬಲ್ಲ ಒಂದು ಪದರದ ರೂಪದಲ್ಲಿ, ಪಿಎಸ್‌ಡಿ ಅಥವಾ ಓಆರ್‌ಎ ಆಗಿ, ಒಂದು ಪ್ರತಿ ಇಡಿ. ತೋರಿಸುವುದಕ್ಕೆ ಒಂದು ಪಿಎನ್‌ಜಿ. ಕಳಿಸುವುದಕ್ಕೆ ಮಾತ್ರ ಜೆಪೆಗ್.

ಒಂದು ತಮಾಷೆಯ ಪ್ರಯೋಗ ಮಾಡಿ ನೋಡಿ. ಒಂದು ಓಆರ್‌ಎ ಫೈಲಿನ ನಕಲು ಮಾಡಿಕೊಂಡು, ನಕಲಿನ ಹೆಸರಿನ ಕೊನೆಯಲ್ಲಿರುವ ಓಆರ್‌ಎ ಎಂಬುದನ್ನು ಅಳಿಸಿ ಜಿಪ್ ಎಂದು ಬದಲಾಯಿಸಿ ತೆರೆಯಿರಿ. ಕಾಯಿ ಸುಲಿದಂತೆ ಒಳಗಿನದೆಲ್ಲ ಕಾಣುತ್ತದೆ: ಒಂದೊಂದು ಪದರಕ್ಕೆ ಒಂದೊಂದು ಪಿಎನ್‌ಜಿ, ಯಾವುದರ ಮೇಲೆ ಯಾವುದು ಎಂದು ಬರೆದಿಟ್ಟ ಒಂದು ಪಟ್ಟಿ, ಎಲ್ಲ ಸೇರಿದ ಒಂದು ಚಿತ್ರ. ಮುಂದೊಂದು ದಿನ ಆ ತಂತ್ರಾಂಶವೇ ಇಲ್ಲವಾದರೂ ಪದರಗಳನ್ನು ಹೀಗೆ ಕೈಯಿಂದಲೇ ಹೊರತೆಗೆಯಬಹುದು.

ಕನ್ನಡ ಅಕ್ಷರಗಳ ಪಾಡು

ರಾಜ್ಯೋತ್ಸವದ ಭಿತ್ತಿಚಿತ್ರ, ಜಾತ್ರೆಯ ಕರೆಯೋಲೆ, ಮದುವೆಯ ಆಮಂತ್ರಣ ಯಾವುದಾದರೂ ಸರಿ, ಚಿತ್ರದ ಮೇಲೆ ಕನ್ನಡ ಬರೆಯದೆ ಆಗುವುದಿಲ್ಲ. ಪದರದ ಫೈಲಿನಲ್ಲಿ ಬರಹ ಒಂದು ಬೇರೆ ಪದರವಾಗಿ ಇರುತ್ತದೆ, ತಿದ್ದಲೂ ಬರುತ್ತದೆ. ಆದರೆ ಅಕ್ಷರದ ಆಕಾರ ಇರುವುದು ಫೈಲಿನಲ್ಲಿ ಅಲ್ಲ, ಆ ಕಂಪ್ಯೂಟರಿನಲ್ಲಿ ಹಾಕಿರುವ ಅಕ್ಷರಶೈಲಿಯಲ್ಲಿ. ಆ ಶೈಲಿ ಇಲ್ಲದ ಇನ್ನೊಂದು ಕಂಪ್ಯೂಟರಿಗೆ ಫೈಲು ಹೋದರೆ ಬರಹ ಬೇರೆ ಆಕಾರಕ್ಕೆ ತಿರುಗುತ್ತದೆ, ಸಾಲು ಹೆಚ್ಚುಕಡಿಮೆಯಾಗುತ್ತದೆ.

ನಮ್ಮ ಭಾಷೆಗೆ ಇನ್ನೊಂದು ತೊಡಕೂ ಇದೆ. ನುಡಿ, ಬರಹ ಮುಂತಾದ ಹಳೆಯ ಶೈಲಿಗಳಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಯಲ್ಲಿ ಕೂತಿರುತ್ತಿದ್ದವು. ಶೈಲಿ ಇದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಾಗದ ಚಿಹ್ನೆಗಳ ರಾಶಿ. 1991ರಲ್ಲಿ ಬಂದ ಯುನಿಕೋಡ್ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಮನೆ ಕೊಟ್ಟಿತು. ಆದ್ದರಿಂದ ಹೊಸದಾಗಿ ಬರೆಯುವವರು ಯುನಿಕೋಡಿನಲ್ಲೇ ಬರೆಯಿರಿ. ನೋಟೋ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ ಮುಂತಾದ ಶೈಲಿಗಳು ಉಚಿತವಾಗಿ ಸಿಗುತ್ತವೆ.

ಮೂರು ಅಭ್ಯಾಸ ಮಾಡಿಕೊಳ್ಳಿ. ಬಳಸಿದ ಅಕ್ಷರಶೈಲಿಯ ಹೆಸರನ್ನು ಒಂದು ಚೀಟಿ ಫೈಲಿನಲ್ಲಿ ಬರೆದಿಡಿ. ಚಿತ್ರದಲ್ಲಿರುವ ಬರಹವನ್ನೆಲ್ಲ ಅದೇ ಚೀಟಿಯಲ್ಲಿ ಸಾದಾ ಪಠ್ಯವಾಗಿ ಇಡಿ. ಓಆರ್‌ಎಗೆ ದಾಟಿಸುವಾಗ ಬರಹದ ಪದರ ಬಣ್ಣದ ಚಿತ್ರವಾಗಿಬಿಡುವುದು ಸಾಮಾನ್ಯ. ಆಗ ಕಾಗುಣಿತದ ತಪ್ಪು ತಿದ್ದಲು ಈ ಚೀಟಿಯೇ ದಿಕ್ಕು. ಮತ್ತು ಅಚ್ಚಿಗೆ ಕೊಡುವಾಗ ಜೊತೆಯಲ್ಲೇ ಒಂದು ಪಿಎನ್‌ಜಿಯನ್ನೋ ಪಿಡಿಎಫನ್ನೋ ಕೊಡಿ. ‘ಹೀಗೆ ಕಾಣಬೇಕು’ ಎಂದು ಅವರಿಗೆ ತೋರಿಸಲು ಅದು ಬೇಕು.

ಭಾರದ ಲೆಕ್ಕ

ಪದರದ ಫೈಲು ಭಾರ ಏಕೆ ಎಂದು ಕೇಳುವಿರಿ. ಲೆಕ್ಕ ಮಾಡೋಣ. ಎ4 ಹಾಳೆಯನ್ನು ಇಂಚಿಗೆ 300 ಚುಕ್ಕಿಯಂತೆ ತೆಗೆದುಕೊಂಡರೆ ಅಡ್ಡಕ್ಕೆ 2,480, ಉದ್ದಕ್ಕೆ 3,508 ಪಿಕ್ಸೆಲ್. ಗುಣಿಸಿದರೆ ಸುಮಾರು 87 ಲಕ್ಷ. ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ, ಪಾರದರ್ಶಕತೆ ಎಂದು 4 ಬೈಟ್. ಒಂದು ಪದರಕ್ಕೆ ಸುಮಾರು 3.5 ಕೋಟಿ ಬೈಟ್, ಅಂದರೆ 35 ಮೆಗಾಬೈಟ್. 10 ಪದರ ತುಂಬಿ ಬರೆದರೆ ಯಂತ್ರದ ನೆನಪಿನಲ್ಲಿ 350 ಮೆಗಾಬೈಟ್! ಫೈಲಾಗಿ ಉಳಿಸುವಾಗ ಖಾಲಿ ಜಾಗವನ್ನೆಲ್ಲ ಒತ್ತಿ ಮಡಿಸಿಡುವುದರಿಂದ ಅಷ್ಟು ಆಗುವುದಿಲ್ಲ. ಆದರೂ ಜೆಪೆಗ್‌ಗಿಂತ ಬಹಳ ದೊಡ್ಡದೇ.

ವಾಟ್ಸಾಪ್‌ನಲ್ಲಿ ಚಿತ್ರವನ್ನು ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಸಿಯೇ ಕಳಿಸುತ್ತದೆ. ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿದರೆ ಫೈಲು ಇದ್ದ ಹಾಗೆಯೇ ಹೋಗುತ್ತದೆ.

ಆರೇಳು ವರ್ಷದ ಪರೀಕ್ಷೆ

ಅಜ್ಜ-ಅಜ್ಜಿಯರಿಗೆ ಗೊತ್ತು, ನಮ್ಮ ಎತ್ತರದ ತಳಿಯ ತೆಂಗು ಇಂದು ನೆಟ್ಟರೆ ಫಲಕ್ಕೆ ಬರಲು ಆರೇಳು ವರ್ಷ ಬೇಕು. ಫೈಲಿಗೂ ಅದೇ ಪರೀಕ್ಷೆ ಇಡಿ: ಇಂದು ನೆಟ್ಟ ಸಸಿ ಫಲ ಬಿಡುವ ಹೊತ್ತಿಗೆ ಈ ಫೈಲು ತೆರೆಯುತ್ತದೆಯೇ? ಐದನೇ ತರಗತಿಯ ಮಗು ಆಗ ಕಾಲೇಜಿನಲ್ಲಿರುತ್ತದೆ. ಈಗಿನ ಮೊಬೈಲು ಆಗ ಇರುವುದಿಲ್ಲ. ಬಹಳಷ್ಟು ಮೊಬೈಲ್ ಆ್ಯಪ್‌ಗಳು ಚಿತ್ರದ ಪದರಗಳನ್ನು ತಮ್ಮ ಹೊಟ್ಟೆಯೊಳಗೇ ಇಟ್ಟುಕೊಂಡಿರುತ್ತವೆ. ಆ್ಯಪ್ ಅಳಿಸಿದರೆ ಚಿತ್ರವೂ ಹೋಯಿತು. ಆದ್ದರಿಂದ ಚಿತ್ರ ಮುಗಿದ ದಿನವೇ ‘ಎಕ್ಸ್‌ಪೋರ್ಟ್’ ಎಂಬಲ್ಲಿ ಪಿಎಸ್‌ಡಿ ಇದೆಯೇ ನೋಡಿ ಹೊರಗೆ ತೆಗೆದಿಡಿ. ಹಣ ಕಟ್ಟಿ ಬಳಸುವ ತಂತ್ರಾಂಶವಾದರೆ, ಕಟ್ಟುವುದು ನಿಂತ ಮೇಲೆ ನಿಮ್ಮ ಫೈಲನ್ನು ಇನ್ಯಾವುದು ತೆರೆಯುತ್ತದೆ ಎಂದು ಇವತ್ತೇ ಪರೀಕ್ಷಿಸಿ ನೋಡಿ.

ಬಿತ್ತನೆ ಕಾಯಿಯನ್ನು ಯಾರೂ ಒಂದೇ ಒಂದು ಇಡುವುದಿಲ್ಲ. ಫೈಲೂ ಮೂರು ಕಡೆ ಇರಲಿ: ಕಂಪ್ಯೂಟರಿನಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು, ಬೇರೆ ಊರಿನ ನೆಂಟರ ಮನೆಯಲ್ಲೋ ಅಂತರ್ಜಾಲದ ಕಣಜದಲ್ಲೋ ಒಂದು. ವರ್ಷಕ್ಕೊಮ್ಮೆ ಮೂರನ್ನೂ ತೆರೆದು ನೋಡಿ. ಅಟ್ಟದ ಕಾಯಿಯನ್ನು ಆಗಾಗ ಅಲ್ಲಾಡಿಸಿ ನೋಡುವುದಿಲ್ಲವೇ, ಹಾಗೆ.

ಈ ವಾರದ ಕೆಲಸ: ನಮ್ಮ ತೋಟದ ಪದರಪಟ

ಈಗ ಅಜ್ಜ-ಅಜ್ಜಿಯರ ಸರದಿ. ಮೊಮ್ಮಕ್ಕಳೊಡನೆ ಕೂತು ನಿಮ್ಮ ತೋಟದ ಒಂದು ಎಕರೆಯ ಚಿತ್ರ ಮಾಡಿ. ಎಕರೆಗೆ 43,560 ಚದರ ಅಡಿ. 30 ಅಡಿಗೊಂದು ಮರವಾದರೆ ಒಂದು ಮರಕ್ಕೆ 900 ಚದರ ಅಡಿ. ಭಾಗಿಸಿದರೆ 48 ಮರ. ಎಕರೆ ಚೌಕವಾಗಿದ್ದರೆ ಒಂದು ಬದಿ ಸುಮಾರು 209 ಅಡಿ. ಒಂದಡಿಗೆ 10 ಪಿಕ್ಸೆಲ್ ಎಂದರೆ 2,090 ಪಿಕ್ಸೆಲ್. ಮೇಲೆ ಹೇಳಿದ ಎ4 ಹಾಳೆಯೊಳಗೆ ಸಲೀಸಾಗಿ ಕೂರುತ್ತದೆ.

ಮೊದಲ ಪದರ: ಬದು, ಬೇಲಿ, ಬಾವಿ. ಎರಡನೆಯದು: ಮರಗಳು. ಮೂರನೆಯದು: ನೀರಿನ ಕಾಲುವೆ, ಹನಿ ನೀರಾವರಿಯ ಪೈಪು. ನಾಲ್ಕನೆಯದು: ನಡುವೆ ಇರುವ ಬಾಳೆ, ಅಡಿಕೆ, ಹಲಸು. ಐದನೆಯದು ಅಜ್ಜ-ಅಜ್ಜಿಯ ಪದರ. ಯಾವ ಮರ ಯಾರು ನೆಟ್ಟದ್ದು, ಯಾವುದರ ಎಳನೀರು ಸಿಹಿ, ಯಾವುದರಿಂದ ಬಿತ್ತನೆ ಕಾಯಿ ಆರಿಸುತ್ತಿದ್ದರು, ಯಾವ ಬರದಲ್ಲಿ ಯಾವ ಸಾಲು ಒಣಗಿತು, ಸಿಡಿಲು ಬಡಿದ ಮರ ಎಲ್ಲಿತ್ತು, ಅದನ್ನೆಲ್ಲ ಅವರು ಹೇಳಲಿ, ನೀವು ಬರೆಯಿರಿ. ಪದರಕ್ಕೆ ‘ಲೇಯರ್ 23’ ಎಂದು ಯಂತ್ರ ಕೊಟ್ಟ ಹೆಸರನ್ನು ಬಿಟ್ಟು ‘ಅಜ್ಜಿ ಹೇಳಿದ್ದು’ ಎಂದು ಹೆಸರಿಡಿ.

ಇದನ್ನು ಜೆಪೆಗ್ ಮಾಡಿ ಕೈತೊಳೆದುಕೊಂಡರೆ ಏನಾಗುತ್ತದೆ ನೋಡಿ. ಮುಂದಿನ ವರ್ಷ ಒಂದು ಮರ ಬಿದ್ದರೆ ಅದನ್ನು ಅಳಿಸಲು ಹೋದಾಗ ಅದರ ಮೇಲೆ ಬರೆದ ಅಜ್ಜಿಯ ಮಾತೂ ಅಳಿಸಿಹೋಗುತ್ತದೆ. ಪದರಗಳಿದ್ದರೆ ಮರದ ಪದರವನ್ನಷ್ಟೇ ತಿದ್ದಬಹುದು. ಮಾತು ಅಲ್ಲೇ ಇರುತ್ತದೆ. ತೋಟದಲ್ಲಿ ಯಾವ ಮರ ಯಾವುದು ಎಂಬುದು ಎಷ್ಟೋ ಮನೆಗಳಲ್ಲಿ ಒಬ್ಬರ ತಲೆಯಲ್ಲಿ ಮಾತ್ರ ಇದೆ. ಯಾವ ಕಾಗದದಲ್ಲೂ ಇಲ್ಲ. ಆ ತಿಳಿವಳಿಕೆ ಒಂದು ಫೈಲಿಗೆ ಇಳಿಯಬೇಕಾದರೆ ಅವರು ನಮ್ಮೊಡನೆ ಇರುವಾಗಲೇ ಕೇಳಬೇಕು.

ತೋಟವಿಲ್ಲದ ಮಕ್ಕಳು ಬೇಸರಪಡಬೇಡಿ. ನಿಮ್ಮ ಬೀದಿಯನ್ನು ಬರೆಯಿರಿ. ಅಥವಾ ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಹೋಗಿ ಕಲ್ಲೇಶ್ವರ ದೇವಾಲಯದ ಛಾವಣಿಯಲ್ಲಿ ಕುಣಿಯುವ ನಟರಾಜನನ್ನು ನೋಡಿ ಬಂದು, ಗೆರೆ ಒಂದು ಪದರ, ನೆರಳು ಒಂದು ಪದರ ಮಾಡಿ ಬರೆಯಿರಿ.

ಚಿತ್ರ ಪೂರ್ತಿಯಾಗುವವರೆಗೆ ಕಾಯಬೇಡಿ. ಐದನೆಯ ಪದರದಲ್ಲಿ ಇವತ್ತು ಸಂಜೆ ಒಂದು ಮರದ ಕಥೆ ಬರೆದರೂ ಸಾಕು. ಬರೆದ ಮೇಲೆ ಉಳಿಸುವಾಗ ಆ ಉದ್ದನೆಯ ಪಟ್ಟಿ ಬರುತ್ತದೆ. ಮೊದಲು ಪದರದ ರೂಪ, ಆಮೇಲೆ ಉಳಿದದ್ದು.